ಆ ಜಲ್ಲಿ ದಾರಿಗೆ ಡಾಂಬರು ಬೇಡ, ಎರಡು ಕಂಬ ಸಾಕು

ಬೆಟ್ಟದ ತಪ್ಪಲಿನ ರಸ್ತೆ, ಕಾಡು, ಕಾಲುವೆಗಳ ಉಸ್ತುವಾರಿ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ರಸ್ತೆ ಚೆನ್ನಾಗಿದೆ ಅಂದರೆ ಡಾಂಬರು ಬಿದ್ದಿದೆ ಅಂತಲೇ ನಾವೆಲ್ಲ ಅಂದುಕೊಂಡುಬಿಟ್ಟಿದ್ದೇವೆ. ಹಾಗಾಗಿ ತಪ್ಪಲಿನಲ್ಲಿ ಹಳೆಯದೊಂದು ಜಲ್ಲಿ ದಾರಿ ಕಂಡರೆ ಸಾಕು, ಅದು ಇನ್ನೂ ಮುಗಿಯದ ಕೆಲಸದ ಹಾಗೆ ಕಾಣುತ್ತದೆ. ಅದನ್ನು ಅಗಲ ಮಾಡಬೇಕು, ಕಪ್ಪಗೆ ಮಾಡಬೇಕು ಅನ್ನಿಸುತ್ತದೆ. ನಿಮ್ಮಲ್ಲಿ ನನ್ನ ಬೇಡಿಕೆ ಇದಕ್ಕೆ ತಿರುಗಾಮುರುಗ. ಅಂಥ ದಾರಿಗಳಲ್ಲಿ ಕೆಲವನ್ನಾದರೂ ಜಲ್ಲಿಯಾಗಿಯೇ ಉಳಿಸಿ. ಒಂದು ತುದಿಯಿಂದ ನುಗ್ಗಿ ಇನ್ನೊಂದು ತುದಿಯಲ್ಲಿ ಹೊರಬೀಳುವ ಕಾರು, ಲಾರಿಗಳನ್ನು ತಡೆಯಿರಿ. ಮಳೆನೀರು ಸರಿಯಾಗಿ ಇಳಿದುಹೋಗುವಂತೆ ನೋಡಿಕೊಳ್ಳಿ. ಇಷ್ಟೇ ನನ್ನ ಕೋರಿಕೆ. ಆದರೆ ಈ ಇಷ್ಟರ ಹಿಂದೆ ಹೇಳಬೇಕಾದ್ದು ಜಾಸ್ತಿ ಇದೆ, ದಯವಿಟ್ಟು ಕೊನೆಯವರೆಗೆ ಓದಿ.

ನಾನು ಗ್ರಾವೆಲ್ ಬೈಕ್ ಓಡಿಸುವವನು. ಬೈಕ್ ಅಂದ ಕೂಡಲೇ ಮೋಟಾರ್ ಬೈಕ್ ಅಂದುಕೊಳ್ಳಬೇಡಿ, ಇದು ತುಳಿಯುವ ಸೈಕಲ್ಲೇ. ನೋಡಲಿಕ್ಕೆ ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್ ಇರುತ್ತದೆ. ಆದರೆ ಟೈರು ದಪ್ಪ. ಡಾಂಬರಿನ ಮೇಲೆ ಓಡುವ ರೋಡ್ ಬೈಕಿಗೆ 25ರಿಂದ 30 ಮಿಲಿಮೀಟರ್ ಟೈರು ಇದ್ದರೆ, ಇದಕ್ಕೆ 40ರಿಂದ 50. ಗಾಳಿಯೂ ಕಮ್ಮಿ. ಹಾಗಾಗಿ ಕಲ್ಲು ಬಂದಾಗ ಟೈರು ಪುಟಿಯುವುದಿಲ್ಲ, ಕಲ್ಲಿನ ಮೇಲೆ ಒಮ್ಮೆ ಮೆತ್ತಗೆ ಕೂತು ಮುಂದೆ ಹೋಗುತ್ತದೆ. ಬಂಡೆಗಳ ಮೇಲೆ ಹಾರಿಸುವ ಮೌಂಟನ್ ಬೈಕ್ ಬೇರೆ, ಇದು ಬೇರೆ. ಇದಕ್ಕೆ ಬೇಕಾದದ್ದು ಗಟ್ಟಿಯಾಗಿ ಕೂತ ಜಲ್ಲಿ ಮಣ್ಣಿನ ದಾರಿ, ಒಂದಿಷ್ಟು ಏರಿಳಿತ, ಬೆನ್ನ ಹಿಂದೆ ಹಾರ್ನ್ ಇಲ್ಲದ ನೆಮ್ಮದಿ.

ಇವೆಲ್ಲ ಒಟ್ಟಿಗೆ ಸಿಗುವ ಜಾಗ ತಪ್ಪಲು. ದೊಡ್ಡ ಬೆಟ್ಟದ ಒಳಗೆ ಹೋದರೆ ಒಂದು ಕಣಿವೆಗೆ ಒಂದೇ ರಸ್ತೆ. ಲಾರಿ, ಬಸ್ಸು, ಪ್ರವಾಸಿಗಳ ಕಾರು ಎಲ್ಲಕ್ಕೂ ಅದೇ ಗತಿ. ಸೈಕಲ್ಲಿನವನು ಅಲ್ಲಿ ಬಂಡೆಗೂ ಚಕ್ರಕ್ಕೂ ನಡುವೆ ಉಸಿರು ಬಿಗಿಹಿಡಿದು ಹೋಗಬೇಕು. ಬಯಲಿನಲ್ಲಿ ರಸ್ತೆಗಳು ಬೇಕಾದಷ್ಟಿವೆ, ಆದರೆ ವಾಹನ ಇಲ್ಲದ ರಸ್ತೆ ಸಿಗುವುದು ಕಷ್ಟ. ತಪ್ಪಲು ಇವೆರಡರ ಮಧ್ಯದ ನೆಲ. ಹಿಂದೆ ಮರ ಸಾಗಿಸಲು ಮಾಡಿದ ದಾರಿ, ಕಾಲುವೆಯ ಏರಿ, ಹೇಸರಗತ್ತೆ ನಡೆದ ಜಾಡು, ಕಿತ್ತುಹಾಕಿದ ರೈಲು ಹಳಿಯ ದಿಬ್ಬ, ಬೆಂಕಿ ಹರಡದಂತೆ ಕಾಡಿನಲ್ಲಿ ಬಿಟ್ಟ ತೆರವು ಪಟ್ಟಿ, ಹೀಗೆ ಹತ್ತಾರು ಬಗೆಯ ಹಳೆಯ ದಾರಿಗಳು ಅಲ್ಲಿ ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ. ಹೊಸದಾಗಿ ಒಂದು ಗುದ್ದಲಿ ಹಾಕದೆಯೇ ಇವುಗಳಿಂದ ಅರ್ಧ ದಿನದ ಸುತ್ತು ಮಾಡಬಹುದು. ಯಾವ ಘಾಟಿಯನ್ನೂ ಹತ್ತದೆ, ಸಣ್ಣ ಸಣ್ಣ ದಿಬ್ಬಗಳನ್ನೇ ಏರಿ ಇಳಿದು, 50 ಕಿಲೋಮೀಟರಿನಲ್ಲಿ ಒಟ್ಟು 1000 ಮೀಟರ್ ಏರುವುದು ಇಂಥ ನೆಲದಲ್ಲಿ ಮಾಮೂಲು. ಕಾಲು ಸೋಲುತ್ತದೆ, ಮನಸ್ಸು ಸೋಲುವುದಿಲ್ಲ. ಪ್ರತಿ ಏರಿನ ಆಚೆ ಇಳಿಜಾರು ಕಾದಿರುತ್ತದೆ ಅಲ್ವಾ.

ಇಲ್ಲಿ ನನ್ನ ಅಕ್ಕನ ಮಾತು ಹೇಳಬೇಕು.

ಅಕ್ಕ ಸೈಕಲ್ ಕಲಿತದ್ದು ಐವತ್ತು ದಾಟಿದ ಮೇಲೆ. ಪೇಟೆಯ ರಸ್ತೆಯಲ್ಲಿ ಕಲಿಸಲು ನೋಡಿದೆ, ಆಗಲಿಲ್ಲ. ಹಿಂದಿನಿಂದ ವಾಹನದ ಸದ್ದು ಕೇಳಿದ ತಕ್ಷಣ ಅವಳ ಕೈ ಎರಡೂ ಬ್ರೇಕ್ ಹಿಡಿದುಬಿಡುತ್ತಿತ್ತು. ಕೊನೆಗೆ ತಪ್ಪಲಿನ ಒಂದು ಜಲ್ಲಿ ದಾರಿಗೆ ಕರೆದುಕೊಂಡು ಹೋದೆ. ಮೊದಲ ದಿನ ಇನ್ನೂರು ಹೆಜ್ಜೆ ದೂರ. ಆಮೇಲೆ ಮೊದಲ ಮೋರಿಯವರೆಗೆ. ಮೂರನೇ ವಾರ ಅವಳೇ ಮುಂದೆ, ನಾನು ಹಿಂದೆ. ಒಂದು ಇಳಿಜಾರಿನಲ್ಲಿ ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಬ್ರೇಕಿನ ಮೇಲೆ ಬಿಳಿಚಿಕೊಂಡಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಕೆಳಗೆ ಬಂದು ನಿಂತವಳು, 'ಟೈರಿನ ಸದ್ದು ಎಷ್ಟು ಚೆನ್ನಾಗಿದೆ ಕಣೋ, ಅಕ್ಕಿ ಕೇರಿದ ಹಾಗೆ' ಅಂದಳು. ನಾನು ಅದೆಷ್ಟೋ ವರ್ಷದಿಂದ ಆ ಸದ್ದು ಕೇಳುತ್ತಿದ್ದೆ, ಹಾಗೆ ಅನ್ನಿಸಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ದಾರಿಗೆ ಡಾಂಬರು ಬಿತ್ತು. ಅಲ್ಲಿ ಮನೆಗಳಿರಲಿಲ್ಲ. ಎರಡೂ ತುದಿಯ ಊರುಗಳಿಗೆ ಬೇರೆ ಒಳ್ಳೆಯ ರಸ್ತೆಗಳು ಮೊದಲೇ ಇದ್ದವು. ಆದರೂ ಬಿತ್ತು. ಒಂದು ತಿಂಗಳೊಳಗೆ ಅದು ಹೆದ್ದಾರಿಯ ಅಡ್ಡದಾರಿಯಾಯಿತು. ಮೊಬೈಲಿನ ಮ್ಯಾಪು ನಾಲ್ಕು ನಿಮಿಷ ಉಳಿಯುತ್ತದೆ ಎಂದು ತೋರಿಸಿದರೆ ಕಾರುಗಳು ಅತ್ತ ತಿರುಗದೇ ಇರುತ್ತವೆಯೇ? ಅಕ್ಕ ಒಂದು ಬಾರಿ ಬಂದಳು, ಅಷ್ಟೇ. ತಿರುವಿನಲ್ಲಿ ಒಂದು ಕಾರು ಅವಳ ಮೊಣಕೈ ಪಕ್ಕದಲ್ಲೇ ಬೀಸಿ ಹೋಯಿತು. ಅವಳು ಸೈಕಲ್ ಇಳಿದು, ಉಳಿದ ದಾರಿಯನ್ನೆಲ್ಲ ತಳ್ಳಿಕೊಂಡೇ ನಡೆದಳು. ಅವಳ ಸೈಕಲ್ ಈಗ ಮನೆಯ ಗೋಡೆಗೆ ಒರಗಿದೆ. ಟೈರಿನ ಗಾಳಿ ಯಾವಾಗಲೋ ಇಳಿದುಹೋಗಿದೆ.

ನಿಮ್ಮ ಕಡತದಲ್ಲಿ ಆ ದಾರಿ 'ಸುಧಾರಣೆಯಾದ ರಸ್ತೆ' ಎಂದು ದಾಖಲಾಗಿರುತ್ತದೆ. ಅಲ್ಲಿ ಓಡಾಡುವುದನ್ನು ಬಿಟ್ಟವರ ಲೆಕ್ಕಕ್ಕೆ ಆ ಕಡತದಲ್ಲಿ ಅಂಕಣವೇ ಇರುವುದಿಲ್ಲ. ನಡೆಯುವ ಮುದುಕರು, ಸೈಕಲ್ ಕಲಿಯುವ ಮಕ್ಕಳು, ಕುರಿ ಮೇಯಿಸುವವರು, ಇವರೆಲ್ಲ ದೂರು ಕೊಡುವವರಲ್ಲ. ಸುಮ್ನೆ ಬರುವುದನ್ನು ನಿಲ್ಲಿಸುತ್ತಾರೆ.

'ಜಲ್ಲಿ ದಾರಿ ಪ್ರತಿ ವರ್ಷ ಕಿತ್ತುಹೋಗುತ್ತದೆ, ಅದಕ್ಕೇ ಡಾಂಬರು' ಎಂಬ ಉತ್ತರ ನನಗೆ ಗೊತ್ತು. ಕೀಳುವುದು ನಿಜ. ಆದರೆ ಕೀಳುವವರು ಯಾರು ಎಂದು ನೋಡೋಣ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆಗಳ ಮೇಲೆ ದೊಡ್ಡದೊಂದು ಪರೀಕ್ಷೆ ನಡೆಯಿತು. ಬೇರೆ ಬೇರೆ ತೂಕದ ಲಾರಿಗಳನ್ನು ತಿಂಗಳುಗಟ್ಟಲೆ ಓಡಿಸಿ ಸವೆತ ಅಳೆದರು. ಚಕ್ರಗಳ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು ಎಂದು ತಿಳಿಯಿತು. ಆ ಲೆಕ್ಕದಲ್ಲಿ ಒಂದು ಅಚ್ಚಿಗೆ 50 ಕಿಲೋ ಭಾರ ಬೀಳುವ ಸೈಕಲ್ಲಿಗೆ ಹೋಲಿಸಿದರೆ, 750 ಕಿಲೋ ಬೀಳುವ ಕಾರು ಐವತ್ತು ಸಾವಿರ ಪಟ್ಟು ಪೆಟ್ಟು ಕೊಡುತ್ತದೆ. ಆ ಪರೀಕ್ಷೆ ನಡೆದದ್ದು ಡಾಂಬರು, ಕಾಂಕ್ರೀಟು ರಸ್ತೆಗಳ ಮೇಲೆ, ಮಣ್ಣಿನ ದಾರಿಗೆ ಅದೇ ಅಂಕಿ ಹಾಗೇ ಹೊಂದುವುದಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ.

ಜಲ್ಲಿ ದಾರಿಯ ಇನ್ನೊಂದು ಕಾಯಿಲೆ ಅಡ್ಡ ಅಲೆ. ಛಾವಣಿಯ ತಗಡಿನ ಹಾಗೆ ದಾರಿಯುದ್ದಕ್ಕೂ ಏಳುವ ಸಾಲು ಸಾಲು ಉಬ್ಬು. ಸೈಕಲ್ಲಿನಲ್ಲಿ ಅದರ ಮೇಲೆ ಹೋದರೆ ಹಲ್ಲು ಕಟಕಟ ಅನ್ನುತ್ತದೆ, ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿಯುತ್ತದೆ. ಇದನ್ನು ಮಳೆ ಮಾಡುವುದಿಲ್ಲ, ವೇಗ ಮಾಡುತ್ತದೆ. ಉರುಳುವ ಚಕ್ರದ ವೇಗ ಒಂದು ಮಟ್ಟ ದಾಟಿದ ಮೇಲೆ ಮರಳು, ಜಲ್ಲಿಯ ನೆಲದಲ್ಲಿ ಅಲೆಗಳು ತಾವಾಗಿಯೇ ಹುಟ್ಟುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಒಮ್ಮೆ ಸಣ್ಣ ಉಬ್ಬು ಎದ್ದರೆ ಚಕ್ರ ಅದರ ಮೇಲೆ ಹಾರಿ ಮುಂದೆ ಬೀಳುತ್ತದೆ, ಬಿದ್ದಲ್ಲಿ ಗುಳಿ, ಗುಳಿಯ ಮುಂದೆ ಮತ್ತೊಂದು ಉಬ್ಬು. ಭಾರದ ವಾಹನ ಜೋರಾಗಿ ಓಡಿದಷ್ಟೂ ಈ ಕಾಯಿಲೆ ಹರಡುತ್ತದೆ. ಓಡುವ ವಾಹನಗಳನ್ನು ತಡೆದರೆ ಅರ್ಧ ರಿಪೇರಿ ತಾನಾಗಿಯೇ ಉಳಿಯುತ್ತದೆ.

ಉಳಿದರ್ಧ ನೀರಿನದು. ತಪ್ಪಲಿನಲ್ಲಿ ದಾರಿ ಕೆಡುವ ಅಸಲಿ ಕಾರಣ ಅದೇ.

ಮಳೆ ನಿಂತ ಒಂದು ಗಂಟೆಯ ನಂತರ ಇಳಿಜಾರಿನ ಜಲ್ಲಿ ದಾರಿಯಲ್ಲಿ ನಿಂತು ನೋಡಿದರೆ ಎಲ್ಲ ಅರ್ಥವಾಗುತ್ತದೆ. ನೀರು ಅಂಚಿನಲ್ಲಿರುವ ಚರಂಡಿಗೆ ಹೋಗಿರುವುದಿಲ್ಲ. ಅದು ಹಿಡಿದಿರುವುದು ಚಕ್ರದ ಜಾಡನ್ನು. ಮೊದಲು ಬೆರಳಗಲದ ಗೀರು. ಹತ್ತು ಮಾರು ಕೆಳಗೆ ಅಂಗೈ ಅಗಲ. ತಿರುವಿಗೆ ಬರುವ ಹೊತ್ತಿಗೆ ಮೊಣಕಾಲು ಮುಳುಗುವ ಕೊರಕಲು. ಕಲ್ಲಿನ ನಡುವೆ ಅಂಟಾಗಿದ್ದ ಸಣ್ಣ ಮಣ್ಣೆಲ್ಲ ತೊಳೆದು ಕೆಳಗಿನ ತಗ್ಗಿನಲ್ಲಿ ಮೊಸರಿನ ಹಾಗೆ ಕೂತಿರುತ್ತದೆ. ಮೇಲೆ ಉಳಿದದ್ದು ಬರೀ ಉರುಳುಗಲ್ಲು.

ಮದ್ದು ಹಳೆಯದೇ, ರಸ್ತೆ ಕೆಲಸದವರಿಗೆ ಗೊತ್ತಿರುವುದೇ. ದಾರಿಯ ನಡು ಎತ್ತರ ಇರಬೇಕು, ಎರಡೂ ಅಂಚು ತಗ್ಗಿರಬೇಕು. ನಡುವಿನಿಂದ ಅಂಚಿಗೆ ಒಂದು ಮೀಟರಿಗೆ ನಾಲ್ಕು ಸೆಂಟಿಮೀಟರ್ ಇಳಿದರೂ ನೀರು ಪಕ್ಕಕ್ಕೆ ಓಡುತ್ತದೆ. ಬೆಟ್ಟದ ಬದಿಗೆ ಅಂಟಿಕೊಂಡ ಕಿರಿದಾದ ದಾರಿಯಾದರೆ ಇಡೀ ದಾರಿಯನ್ನೇ ಹೊರಬದಿಗೆ ಸ್ವಲ್ಪ ವಾಲಿಸಬೇಕು. ಉದ್ದದ ಇಳಿಜಾರಿನಲ್ಲಿ ಅಲ್ಲಲ್ಲಿ ದಾರಿ ಒಂದು ಗೇಣು ಏರಿ ಮತ್ತೆ ಇಳಿಯುವಂತೆ ಮಾಡಬೇಕು. ನೀರಿಗೆ ಆ ಏರು ಹತ್ತಲಾಗುವುದಿಲ್ಲ, ಅಲ್ಲೇ ಪಕ್ಕಕ್ಕೆ ತಿರುಗುತ್ತದೆ. ಸೈಕಲ್ಲಿನವನಿಗೆ ಆ ಗೇಣೇರು ತಿಳಿಯುವುದೂ ಇಲ್ಲ. ಅಡ್ಡಲಾಗಿ ಮರದ ದಿಮ್ಮಿ ಹೂತು ನೀರು ತಿರುಗಿಸುವ ಪದ್ಧತಿಯೂ ಇದೆ, ನನಗೆ ಅದು ಸರಿಕಾಣುವುದಿಲ್ಲ. ಎರಡು ಮಳೆಗೆ ಅದರ ಹಿಂದೆ ಹೂಳು ತುಂಬುತ್ತದೆ, ಒದ್ದೆಯಾದ ದಿಮ್ಮಿಯ ಮೇಲೆ ಚಕ್ರ ಜಾರುತ್ತದೆ.

ಜಲ್ಲಿಯ ಬಗ್ಗೆಯೂ ಒಂದು ಮಾತು. ರಿಪೇರಿ ಹೆಸರಿನಲ್ಲಿ 40 ಎಂ.ಎಂ. ಜಲ್ಲಿಯನ್ನು ಲಾರಿಯಿಂದ ಸುರಿದು ಹಾಗೇ ಹೋಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದು ದಾರಿಯನ್ನು ಮುಚ್ಚಿದ ಹಾಗೆಯೇ. ಸೈಕಲ್ ಬಿಡಿ, ಅದರ ಮೇಲೆ ದನ ಕೂಡ ನಡೆಯುವುದಿಲ್ಲ. ಬೇಕಾದದ್ದು 20 ಎಂ.ಎಂ.ಗಿಂತ ಸಣ್ಣದಾದ, ಮೂಲೆ ಚೂಪಾದ, ಒಡೆದ ಕಲ್ಲು. ಜೊತೆಗೆ ಕಲ್ಲುಪುಡಿ, ಒಂದಿಷ್ಟು ಅಂಟುಮಣ್ಣು. ನೀರು ಚಿಮುಕಿಸಿ ರೋಲರ್ ಓಡಿಸಿದರೆ ಅವು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಹೊಳೆಯ ಗುಂಡುಗಲ್ಲು ಎಷ್ಟು ಹಾಕಿದರೂ ಕಚ್ಚುವುದಿಲ್ಲ, ಗೋಲಿಯ ಹಾಗೆ ಉರುಳುತ್ತದೆ. ಏರಿನಲ್ಲಂತೂ ಇದು ಪ್ರಾಣಸಂಕಟ. ನೂರಕ್ಕೆ ಹತ್ತರಷ್ಟು ಏರು ದಾಟಿದ ಮೇಲೆ ಸಡಿಲ ಕಲ್ಲಿನ ಮೇಲೆ ಸೀಟಿನಿಂದ ಎದ್ದು ತುಳಿದರೆ ಹಿಂದಿನ ಚಕ್ರ ಇದ್ದಲ್ಲೇ ಗಿರ್ ಅನ್ನುತ್ತದೆ. ಕೂತೇ ತುಳಿಯಬೇಕು. ಎದೆಯನ್ನು ಹ್ಯಾಂಡಲ್ ಹತ್ತಿರ ತಂದು, ಭಾರವನ್ನು ಹಿಂದಿನ ಚಕ್ರದ ಮೇಲೆ ಬಿಟ್ಟು, ಸಣ್ಣ ಗೇರಿನಲ್ಲಿ ಒಂದೇ ಸಮ ತುಳಿಯಬೇಕು. ಗಟ್ಟಿ ದಾರಿಯಾದರೆ ಹೊಸಬರೂ ಇದನ್ನು ಮಾಡಬಲ್ಲರು.

ಇನ್ನು ತಡೆಯುವ ವಿಚಾರ. ಕೆಲವೆಡೆ ನೀವು ಲಾರಿ ಬಾರದಿರಲೆಂದು ಕಬ್ಬಿಣದ ಗೇಟು ಹಾಕಿ ಬೀಗ ಜಡಿಸಿದ್ದೀರಿ. ಉದ್ದೇಶ ಒಳ್ಳೆಯದು. ಆದರೆ ಅಂಥ ಒಂದು ಗೇಟಿನ ಮುಂದೆ ನಾನು ನಿಂತು ನೋಡಿದ್ದೇನೆ. ಗೇಟಿನ ಬಲಬದಿಯ ಪೊದೆ ಸವೆದು ಮೋಟಾರ್ ಬೈಕಿನ ಜಾಡು ಮೂಡಿತ್ತು. ಲಾರಿ ನಿಂತಿತ್ತು, ಮೋಟಾರ್ ಬೈಕ್ ನಿಂತಿರಲಿಲ್ಲ. ಗೇಟಿನ ಮೇಲೆ ಸೈಕಲ್ ಎತ್ತಿ ದಾಟಿಸಬೇಕಾದವರು ನಾವು, ಗಾಲಿಕುರ್ಚಿಯವರು ಬಂದರೆ ವಾಪಸ್ಸು ಹೋಗಬೇಕಾದವರು ಅವರು. ಗೇಟಿನ ಬದಲು ಕಂಬ ನೆಡಿ. ಎರಡು ಕಂಬಗಳ ನಡುವೆ ಒಂದೂವರೆ ಮೀಟರ್ ಜಾಗ ಬಿಡಿ. ಸೈಕಲ್, ಮೂರು ಚಕ್ರದ ಸೈಕಲ್, ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಎಲ್ಲ ದಾಟುತ್ತವೆ, ಕಾರು ದಾಟುವುದಿಲ್ಲ. ಒಂದು ಕಂಬ ಕೀಲಿ ತೆಗೆದು ಮಲಗಿಸುವಂತಿರಲಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಒಳಗೆ ಹೊಲವಿರುವವರ ಟ್ರ್ಯಾಕ್ಟರ್ ಹೋಗಲೇಬೇಕು. ಕಂಬ ಮೋಟಾರ್ ಬೈಕನ್ನು ತಡೆಯುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ನಿಯಮದ ಫಲಕ ಬೇಕು, ಮೊದಮೊದಲು ರಜಾದಿನಗಳಲ್ಲಿ ಒಬ್ಬರು ಬಂದು ನಿಲ್ಲಬೇಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮನೆಗಳಿಗೆ, ಶಾಲೆಗೆ, ಆಸ್ಪತ್ರೆಗೆ ಹೋಗಲು ಇರುವ ಒಂದೇ ದಾರಿ ಜಲ್ಲಿಯದಾಗಿದ್ದು, ಅಲ್ಲಿಯ ಜನ ಡಾಂಬರು ಕೇಳಿದರೆ ಅವರಿಗೆ ಡಾಂಬರು ಕೊಡಿ. ನನ್ನ ಭಾನುವಾರದ ಖುಷಿಗಾಗಿ ಯಾರ ಮನೆಯ ಬಾಗಿಲಿಗೂ ಧೂಳು ಬೀಳುವುದು ಬೇಡ. ನಾನು ಕೇಳುತ್ತಿರುವುದು ಯಾರ ಬದುಕಿಗೂ ಅನಿವಾರ್ಯವಲ್ಲದ, ಅಡ್ಡದಾರಿಯಾಗಲು ಮಾತ್ರ ಬಳಕೆಯಾಗುವ ದಾರಿಗಳ ಬಗ್ಗೆ. ಪಟ್ಟಿ ಮಾಡುವಾಗ ಅಲ್ಲಿ ಬದುಕುವವರನ್ನು ಮೊದಲು ಕೇಳಿ, ನಮ್ಮನ್ನು ಆಮೇಲೆ ಕೇಳಿ.

ಇದು ನಾನೊಬ್ಬ ಕಂಡ ಕನಸಲ್ಲ. ಇಟಲಿಯ ಟಸ್ಕನಿಯಲ್ಲಿ ಬೆಟ್ಟಗುಡ್ಡಗಳ ನಡುವೆ ಬಿಳಿ ಮಣ್ಣಿನ ರಸ್ತೆಗಳಿವೆ. ಅವೆಲ್ಲ ಡಾಂಬರಿನಡಿ ಮುಚ್ಚಿಹೋಗಬಾರದು ಎಂದು 1997ರಲ್ಲಿ ಗೈಯೋಲೆ ಇನ್ ಕಿಯಾಂತಿ ಎಂಬ ಸಣ್ಣ ಊರಿನಲ್ಲಿ 92 ಜನ ಹಳೆಯ ಕಾಲದ ಸೈಕಲ್ ಹತ್ತಿ ಹೊರಟರು. ಅದಕ್ಕೆ 'ಎರೋಯಿಕಾ' ಎಂದು ಹೆಸರಿಟ್ಟರು. ಹತ್ತು ವರ್ಷದ ನಂತರ, 2007ರಲ್ಲಿ, ಅವೇ ರಸ್ತೆಗಳ ಮೇಲೆ ವೃತ್ತಿಪರ ಸವಾರರ ಓಟ ಶುರುವಾಯಿತು. ಈಗ ಅದರ ಹೆಸರು 'ಸ್ತ್ರಾದೆ ಬಿಯಾಂಕೆ', ಅಂದರೆ ಬಿಳಿ ರಸ್ತೆಗಳು. ಜಗತ್ತಿನ ಹೆಸರಾಂತ ಸೈಕಲ್ ಓಟಗಳಲ್ಲಿ ಅದೂ ಒಂದು. ಕೆಟ್ಟ ರಸ್ತೆ ಎಂದು ಮುಚ್ಚಿಹಾಕಬಹುದಾಗಿದ್ದ ರಸ್ತೆಗಳು ಒಂದು ಸೀಮೆಯ ಗುರುತಾದವು.

ನ್ಯೂಜಿಲೆಂಡಿನ ಒಟಾಗೋದಲ್ಲಿ 1990ರಲ್ಲಿ ರೈಲು ನಿಂತ ಒಂದು ಮಾರ್ಗವನ್ನು ಅಲ್ಲಿನ ಸರ್ಕಾರದ ನಿಸರ್ಗ ಸಂರಕ್ಷಣಾ ಇಲಾಖೆಯೇ ತೆಗೆದುಕೊಂಡಿತು. ಹಳಿ ಹೋಗಿತ್ತು, ದಿಬ್ಬ, ಸೇತುವೆ, ಸುರಂಗ ಉಳಿದಿದ್ದವು. ಅದರ ಮೇಲೆ ಜಲ್ಲಿ ಹಾಸಿ 2000ದಲ್ಲಿ 152 ಕಿಲೋಮೀಟರಿನ ದಾರಿಯನ್ನು ಜನರಿಗೆ ತೆರೆದರು. ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಮಾತ್ರ. ಅಮೆರಿಕದಲ್ಲಿ ಪಿಟ್ಸ್‌ಬರ್ಗಿನಿಂದ ಕಂಬರ್ಲೆಂಡ್‌ವರೆಗೆ ಬೆಟ್ಟಸಾಲನ್ನೇ ದಾಟಿ ಹೋಗುವ 240 ಕಿಲೋಮೀಟರ್ ದಾರಿಯಿದೆ. ಅದರ ನೆಲ ಬಹುಪಾಲು ಒತ್ತಿ ಕೂರಿಸಿದ ಸುಣ್ಣಕಲ್ಲಿನ ಪುಡಿ. ನಾರ್ವೆಯಲ್ಲಿ 1909ರಲ್ಲಿ ಸಂಚಾರ ಶುರುವಾದ ಬೆರ್ಗೆನ್ ರೈಲುಮಾರ್ಗ ಕಟ್ಟುವಾಗ ಸಾಮಾನು ಸಾಗಿಸಲು ಮಾಡಿದ ದಾರಿ ಇವತ್ತು ಆ ದೇಶದ ಹೆಸರುವಾಸಿ ಸೈಕಲ್ ದಾರಿ. ಅದು ತಪ್ಪಲಿನದಲ್ಲ, ಎತ್ತರದ ಬೆಟ್ಟದ್ದು. ಹಿಮ ಕರಗಿದ ಕೆಲವೇ ವಾರ ತೆರೆದಿರುತ್ತದೆ. ಆದರೂ ಜನ ಕಾದು ಹೋಗುತ್ತಾರೆ. ರೈಲು ದಿಬ್ಬಗಳ ಗುಣವೇ ಹಾಗೆ. ಉಗಿಬಂಡಿ ಎಳೆಯಲಾಗದ ಏರು ಅಲ್ಲಿ ಇರುವುದಿಲ್ಲ, ಹೆಚ್ಚಿನ ಕಡೆ ನೂರಕ್ಕೆ ಎರಡು ಮೂರರಷ್ಟೇ. ನಿಮ್ಮ ವ್ಯಾಪ್ತಿಯಲ್ಲಿ ಬಳಕೆಯಿಲ್ಲದ ಹಳಿಯ ಜಾಗ ಇದ್ದರೆ ಅದನ್ನು ತುಂಡು ತುಂಡಾಗಿ ಕೊಡಬೇಡಿ, ದಮ್ಮಯ್ಯ. ಒಂದು ತುಂಡು ಕೈಬಿಟ್ಟರೆ ಇಡೀ ದಾರಿಯ ಬೆನ್ನು ಮುರಿದ ಹಾಗೆ.

ಕೇಳುವವರು ಕೊಡಬೇಕಾದ್ದೂ ಇದೆ. ಇಂಗ್ಲೆಂಡಿನಲ್ಲಿ ಕುದುರೆ ದಾರಿಗಳನ್ನು ಸೈಕಲ್ಲಿಗೆ ಬಿಟ್ಟುಕೊಟ್ಟ 1968ರ ಕಾಯಿದೆ ಅದೇ ಉಸಿರಿನಲ್ಲಿ ಒಂದು ಷರತ್ತನ್ನೂ ಹಾಕಿತು. ಸೈಕಲ್ಲಿನವರು ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಚಕ್ರ ಎಳೆದುಕೊಂಡು ಹೋದರೆ ದಾರಿಯ ಮೇಲ್ಮೈ ಕೀಳುತ್ತದೆ, ಅದು ನಮ್ಮ ತಪ್ಪು. ಕುರುಡು ತಿರುವಿನಲ್ಲಿ ಗಂಟೆ ಬಾರಿಸದೆ ನುಗ್ಗಿದರೆ ಅದೂ ನಮ್ಮ ತಪ್ಪು. ದನ, ಕುರಿ ಎದುರು ಬಂದರೆ ನಾವೇ ಇಳಿದು ನಿಲ್ಲಬೇಕು. ಜೋರು ಮಳೆಯ ನಂತರ ದಾರಿ ಗಟ್ಟಿಯಾಗುವವರೆಗೆ ಎರಡು ದಿನ ಮುಚ್ಚಿ ಅಂದರೆ ಒಪ್ಪುತ್ತೇವೆ. ಕಾಡಿನ ಅಂಚಿನಲ್ಲಿ ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಬರಬೇಡಿ ಅಂದರೂ ಒಪ್ಪುತ್ತೇವೆ. ಪ್ರಾಣಿಗಳು ಓಡಾಡುವ ಹೊತ್ತು ಅದು. ಮರಿ ಹಾಕುವ ಕಾಲದಲ್ಲಿ ಒಂದು ಭಾಗವನ್ನು ಪೂರ್ತಿ ಮುಚ್ಚಬೇಕೆಂದರೆ ಸುತ್ತು ಹಾಕಿ ಹೋಗುತ್ತೇವೆ.

ಮೊದಲ ಹೆಜ್ಜೆಗೆ ದೊಡ್ಡ ಯೋಜನೆ ಬೇಡ. ನಿಮ್ಮ ನಕ್ಷೆಯಲ್ಲಿರುವ ಒಂದೇ ಒಂದು ದಾರಿ ಆರಿಸಿ, ಹತ್ತು ಹದಿನೈದು ಕಿಲೋಮೀಟರಿನದು. ಎರಡು ತುದಿಗೆ ಕಂಬ, ಕವಲಿರುವಲ್ಲೆಲ್ಲ ದೂರ ಮತ್ತು ಏರು ಬರೆದ ಸಣ್ಣ ಕಲ್ಲು, ಮಳೆಗಾಲದ ಮುಂಚೆ ಚರಂಡಿಯ ಬಾಯಿ ತೆರೆಯಲು ನಾಲ್ಕು ಆಳು. ಒಂದು ವರ್ಷ ನೋಡಿ. ಬೆಳಿಗ್ಗೆ ಒಬ್ಬರನ್ನು ಕೂರಿಸಿ ಎಷ್ಟು ಜನ ನಡೆದರು, ಎಷ್ಟು ಸೈಕಲ್ ಹೋದವು ಎಂದು ಎಣಿಸಿ. ಹೆಂಗಸರು ಎಷ್ಟು, ಮಕ್ಕಳು ಎಷ್ಟು ಎಂದು ಬೇರೆಯಾಗಿ ಬರೆದುಕೊಳ್ಳಿ.

ಅದಕ್ಕೂ ಮೊದಲು ಒಂದು ದಿನ ಬನ್ನಿ. ಒಳ್ಳೆಯ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಜೀಪು ಕೆಳಗೇ ನಿಲ್ಲಿಸಿ. ನಾನು ಗುದ್ದಲಿ ತರುತ್ತೇನೆ. ನೀರು ಎಲ್ಲಿ ದಾರಿ ತಪ್ಪಿದೆ ಎಂದು ನಡೆದುಕೊಂಡೇ ನೋಡೋಣ, ಎರಡು ಚರಂಡಿಯ ಬಾಯಿ ಅಲ್ಲೇ ಬಿಡಿಸೋಣ. ನಿಮಗೆ ಸೈಕಲ್ ಬರುವುದಾದರೆ ನನ್ನದನ್ನು ಮೊದಲ ಮೋರಿಯವರೆಗೆ ಓಡಿಸಿ ನೋಡಿ. ಅಕ್ಕನನ್ನೂ ಕರೆಯುತ್ತೇನೆ. ಅವಳ ಟೈರಿಗೆ ಗಾಳಿ ಹಾಕಿ ಇಟ್ಟಿರುತ್ತೇನೆ.

ಇಂತಿ ನಿಮ್ಮ,
ತಪ್ಪಲಿನ ಒಬ್ಬ ಸೈಕಲ್ ಸವಾರ